ನಡುಕೊಳಲು ಮತ್ತು ಹಿಂದಿನ ಲಿಫ್ಟು

ನಮ್ಮ ಭಾವ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಅಕ್ಕ ಅವರನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಾಗ ನಮ್ಮ ತಂದೆ ಅವರನ್ನು ಎದುರಿಗೆ ಕೂರಿಸಿಕೊಂಡು, "ಈ ಕೆಲಸದಲ್ಲಿ ಮೇಲಕ್ಕೆ ಹೋಗೋ ಅವಕಾಶ ಇದೆಯೇನಪ್ಪಾ?" ಎಂದು ಕೇಳಿದರು. ಭಾವ ಸ್ವಲ್ಪ ಹೊತ್ತು ಯೋಚಿಸಿ, "ಇದೆ. ಆದ್ರೆ ಹೋದಷ್ಟು ಸಲ ಇಳೀಲೂಬೇಕಾಗುತ್ತೆ" ಎಂದರು. ಅವರು ತಮಾಷೆ ಮಾಡುವ ಜನವಲ್ಲ. ಕೇಳಿದ ಪ್ರಶ್ನೆಗೆ ತಿಳಿದ ಉತ್ತರ ಕೊಟ್ಟಿದ್ದರು, ಅಷ್ಟೆ. ತಂದೆ ಒಳಗೆ ಬಂದು, "ಹುಡುಗ ಸುಳ್ಳು ಹೇಳೋ ಪೈಕಿ ಅಲ್ಲ. ಅದಕ್ಕೆ ಬೇಕಾದಷ್ಟು ಬುದ್ಧಿ ಇಲ್ಲ" ಎಂದು ಒಪ್ಪಿಗೆ ಕೊಟ್ಟರು. ಈ ಮಾತು ಬಾಗಿಲಾಚೆ ಕೂತಿದ್ದ ಭಾವನಿಗೂ ಕೇಳಿಸಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಎತ್ತರದ ಆಳು, ಸುತ್ತಿಗೆಯ ಹಿಡಿಯಂಥ ಬೆರಳುಗಳು, ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವ ಗ್ರೀಸು. ಯಾರ ಮನೆಗೆ ಹೋದರೂ ಮೊದಲು ಆ ಕಟ್ಟಡದ ಲಿಫ್ಟಿನ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. "ಎಡಗಡೆ ಬೇರಿಂಗು ಸವೆದಿದೆ" ಎಂದು ತಮಗೆ ತಾವೇ ಹೇಳಿಕೊಂಡು, ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಜೊತೆಯಲ್ಲಿ ಬಂದ ನಾವು ಆ ಮಾತು ಕೇಳಿದ ಮೇಲೆ ಲಿಫ್ಟಿಗೆ ಕಾಲಿಡುವ ಧೈರ್ಯ ಸಾಲದೆ ಅವರ ಹಿಂದೆಯೇ ಏದುಸಿರು ಬಿಡುತ್ತ ಹತ್ತುತ್ತಿದ್ದೆವು.

ಅವರು ನೋಡಿಕೊಳ್ಳುತ್ತಿದ್ದ ಲಿಫ್ಟುಗಳಲ್ಲಿ ದೊಡ್ಡಾಸ್ಪತ್ರೆಯವೇ ಮುಖ್ಯ. ಆ ಆಸ್ಪತ್ರೆಯ ವಿಚಾರ ಮುಂದೆ ಬೇಕಾಗುವುದರಿಂದ ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ಕಟ್ಟಿರುವುದು ಇಳಿಜಾರಿನ ಮೇಲೆ. ಮುಂಬಾಗಿಲು ಕೆಳಬೀದಿಗೆ, ಹಿಂಬಾಗಿಲು ಮೇಲ್ಬೀದಿಗೆ. ಮುಂದಿನ ಲಿಫ್ಟು ನೆಲಮಹಡಿಯಿಂದ ಹೊರಡುತ್ತದೆ. ಹಿಂದಿನ ಲಿಫ್ಟು ಹೊರಡುವುದೇ ಮೂರನೆಯ ಮಹಡಿಯಿಂದ, ಏಕೆಂದರೆ ಅಲ್ಲಿ ರಸ್ತೆಯೇ ಅಷ್ಟು ಎತ್ತರದಲ್ಲಿದೆ. ಎರಡರಲ್ಲೂ ಬಟನ್ನುಗಳ ಸಾಲು ಒಂದೇ ಥರ. ಅವುಗಳ ಮೇಲಿನ ಅಂಕಿಗಳು ಜನರ ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು. ನಾಲ್ಕನೆಯ ಮಹಡಿಗೆ ಹೋಗಬೇಕಾದರೆ ಮುಂದಿನ ಲಿಫ್ಟಿನಲ್ಲಿ ಕೆಳಗಿನಿಂದ ಐದನೆಯ ಬಟನ್ ಒತ್ತಬೇಕು, ಹಿಂದಿನದರಲ್ಲಿ ಎರಡನೆಯದನ್ನು. ತಿಳಿಯದವರು ಹಿಂದಿನ ಲಿಫ್ಟಿನಲ್ಲೂ ಐದನೆಯದನ್ನೇ ಒತ್ತಿ ಏಳನೆಯ ಮಹಡಿಗೆ ಹೋಗಿಬಿಡುತ್ತಿದ್ದರು. ಏಳನೆಯ ಮಹಡಿಯಲ್ಲಿ ಆಸ್ಪತ್ರೆಯ ಹಾಸು ಹೊದಿಕೆಗಳನ್ನು ಒಗೆಯುವ ಯಂತ್ರಗಳಿದ್ದವು. ರೋಗಿಗಳಿಗೆಂದು ತಂದ ಕಿತ್ತಲೆ, ಸೇಬುಗಳೆಲ್ಲ ಅಲ್ಲಿಗೆ ಹೋಗಿ ಸೇರುತ್ತಿದ್ದುದರಿಂದ ಬಟ್ಟೆ ಒಗೆಯುವವರು ಬಹಳ ಆರೋಗ್ಯವಾಗಿದ್ದರು. ಹೊಸ ಬಟನ್ನುಗಳು ಬೇಕೆಂದು ಭಾವ ಎಷ್ಟೋ ಸಲ ಕೇಳಿದ್ದರು. "ಬರುತ್ತವೆ" ಎಂಬ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು.

ಅಕ್ಕ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲ್ವಿಚಾರಕಿ. ಅಲ್ಲಿ ಒಂದರ ಮೇಲೊಂದು ಹತ್ತಾರು ಪದರ ಹಾಸಿ ಒಂದೇ ಸಲಕ್ಕೆ ಕತ್ತರಿಸುತ್ತಾರೆ. ಕೈ ಒಂದು ಸಲ ವಾಲಿದರೆ ಒಂದು ಶಾಲೆಯ ಮಕ್ಕಳೆಲ್ಲ ವರ್ಷವಿಡೀ ಸೊಟ್ಟ ಚಡ್ಡಿ ಹಾಕಬೇಕು. ಹೀಗಾಗಿ ತಪ್ಪನ್ನು ಕಂಡೂ ಸುಮ್ಮನಿರುವ ಅಭ್ಯಾಸ ಅವಳಿಗೆ ಹತ್ತಲೇ ಇಲ್ಲ. ಅವಳಿಗೆ ಇದ್ದ ಸಂತೋಷ ಒಂದೇ, ಗುರುವಾರದ ಕೊಳಲು.

ನಾನು ಹೇಳುತ್ತಿರುವುದು ಅಡ್ಡ ಹಿಡಿಯುವ ಬಿದಿರಿನ ಕೊಳಲಲ್ಲ. ಬಾಯಿಗೆ ನೇರವಾಗಿ ಇಟ್ಟುಕೊಂಡು ಪೀಪಿಯಂತೆ ಊದುವ ಮರದ ಕೊಳಲು. ಅದನ್ನು ರೆಕಾರ್ಡರ್ ಎನ್ನುತ್ತಾರೆ. ಧ್ವನಿ ಮುದ್ರಿಸುವ ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಅವು ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ. ಗುರುವಾರದವರು ಅವಕ್ಕೆ ತಮ್ಮದೇ ಹೆಸರಿಟ್ಟುಕೊಂಡಿದ್ದರು: ಗೇಣುದ್ದಕ್ಕಿಂತ ತುಸು ದೊಡ್ಡದು ಮರಿ, ಮೊಳದುದ್ದದ್ದು ನಡು, ಅದಕ್ಕಿಂತ ದೊಡ್ಡದು ಉದ್ದ, ಎಲ್ಲಕ್ಕಿಂತ ದೊಡ್ಡದಾಗಿ ಗೊರಗೊರ ಎನ್ನುವುದು ಅಜ್ಜ. ಗಡಿಯಾರ ರಿಪೇರಿಯವರು ಅಜ್ಜನನ್ನು ಊದುತ್ತಿದ್ದರು. ಕೂಟಕ್ಕೆ ಅವರೇ ಹಿರಿಯರು. ನಿವೃತ್ತರಾದ ಅಂಚೆಯವರದು ಉದ್ದಕೊಳಲು. ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ನರ್ಸಮ್ಮ ಮರಿಯನ್ನು ಊದುತ್ತಿದ್ದರು. ನಡುಕೊಳಲು ನಮ್ಮಕ್ಕನದು. ಪ್ರತಿ ಗುರುವಾರ ಸಂಜೆ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ನಾಲ್ವರೂ ಸೇರುತ್ತಿದ್ದರು.

ಭಾವನ ಪಾತ್ರ ಇಷ್ಟು: ಊಟದ ಮೇಜನ್ನು ಗೋಡೆಗೆ ಸರಿಸುವುದು, ಬಾಗಿಲು ತೆರೆಯುವುದು, ಚಹಾ ಮಾಡುವುದು, ಎಲ್ಲ ಮುಗಿದ ಮೇಲೆ ಮೇಜನ್ನು ಮತ್ತೆ ನಡುವಿಗೆ ಎಳೆಯುವುದು. ನನ್ನದು ಅದಕ್ಕಿಂತ ಹಗುರ. ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೆ. "ಭಾವ, ನೀವೂ ಕಲೀಬಹುದಲ್ಲ" ಎಂದು ಒಮ್ಮೆ ಕೇಳಿದ್ದೆ. "ಶಾಲೇಲಿ ಕಲ್ತಿದೀನಿ" ಎಂದು ಅವರು ಚಹಾ ಸೋಸತೊಡಗಿದರು. ನಾನು ಅದನ್ನು ಜಂಬವೆಂದುಕೊಂಡೆ. ನಿಜವಾಗಿಯೂ ಕಲಿತಿದ್ದರು. ಅವರ ಶಾಲೆಯ ಕಪಾಟಿನ ತುಂಬ ಪ್ಲಾಸ್ಟಿಕ್ಕಿನ ಮರಿಕೊಳಲುಗಳಿದ್ದವಂತೆ. ಐದು ಗೆರೆಗಳ ಮೇಲೆ ಕೂತ ಕಪ್ಪು ಚುಕ್ಕೆಗಳನ್ನು ನೋಡಿಕೊಂಡು ಊದುವುದನ್ನು ಎಲ್ಲ ಮಕ್ಕಳಿಗೂ ಕಲಿಸಿದ್ದರು. ಕಪಾಟಿನಲ್ಲಿ ಬೇರೆ ಅಳತೆಯ ಕೊಳಲು ಇರಲಿಲ್ಲ. ಹಾಗಾಗಿ ಬೇರೆ ಅಳತೆಯ ಪಾಠವೂ ಇರಲಿಲ್ಲ.

ಹೀಗಿರುವಾಗ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ದೊಡ್ಡಾಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ ಮಲಗಿದಳು. ನೋಡಲು ಬಂದವರು ತಡವಾಗಿ, ಬರಿಗೈಯಲ್ಲಿ, ಸಾಬೂನಿನ ವಾಸನೆಯೊಡನೆ ಬರುತ್ತಿದ್ದರು. ನನ್ನ ಒಂದು ಚೀಲ ಕಿತ್ತಲೆಯೂ ಏಳನೆಯ ಮಹಡಿಗೇ ಸಂದಿತು. ಮಾತು ಮರಳಿತು, ಕಾಲು ಕೋಲಿನ ಆಸರೆಯಲ್ಲಿ ಮನೆಯೊಳಗೆ ಓಡಾಡುವಷ್ಟು ಮರಳಿತು, ಎಡಗೈ ಮಾತ್ರ ಮರಳಲಿಲ್ಲ. ಮೇಜಿನ ಮೇಲೆ ಇಟ್ಟರೆ ಯಾರೋ ಮರೆತು ಹೋದ ವಸ್ತುವಿನ ಹಾಗೆ ಅಲ್ಲೇ ಇರುತ್ತಿತ್ತು. ಕೊಳಲಿನ ಮೇಲಿನ ತೂತುಗಳನ್ನು ಮುಚ್ಚುವುದು ಎಡಗೈ.

ಗುರುವಾರದವರು ಬಿಡದೆ ಬಂದರು. ಮೂವರೇ ಊದಿದರು. ನಡುವಿನ ಹಲ್ಲು ಬಿದ್ದ ಬಾಯಿಯ ಹಾಗೆ ಕೇಳುತ್ತಿತ್ತು ಅದು. ಅಕ್ಕ ಮೊದಲ ಗುರುವಾರ ಅರ್ಧ ಹೊತ್ತು ಕೂತಳು. ಮುಂದಿನ ಗುರುವಾರದಿಂದ ಅವರು ಬಂದ ಕೂಡಲೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದಳು. ಕೇಳಿದರೆ, "ಅಂಗಿಯ ಬಟನ್ನು ವಿಂಗಡಿಸ್ತಿದೀನಿ" ಎನ್ನುತ್ತಿದ್ದಳು. ಆ ಮನೆಯಲ್ಲಿ ಅಷ್ಟು ಬಟನ್ನುಗಳಿರಲಿಲ್ಲ.

ಕೊನೆಗೊಂದು ಗುರುವಾರ, ಬೀಳ್ಕೊಡಲು ಭಾವ ಮೆಟ್ಟಿಲವರೆಗೆ ಹೋದಾಗ, ಗಡಿಯಾರದವರು ತಗ್ಗಿದ ದನಿಯಲ್ಲಿ ವಿಷಯ ತೆಗೆದರು. ನಾನೂ ಜೊತೆಯಲ್ಲಿದ್ದೆ.

"ನೋಡಿ, ತಪ್ಪು ತಿಳ್ಕೋಬೇಡಿ. ಔಷಧಿ ಅಂಗಡಿಯವರ ಸೊಸೆ ನಡುಕೊಳಲು ಚೆನ್ನಾಗಿ ಊದ್ತಾಳೆ. ಕೇಳಿದ್ದಕ್ಕೆ ಒಪ್ಪಿದಾಳೆ."

"ಬರ್ಲಿ" ಎಂದರು ಭಾವ.

"ಅದೇ ತೊಂದ್ರೆ. ಎಳೆ ಮಗು. ಬಿಟ್ಟು ಬರೋಕಾಗಲ್ಲ. ಅವಳ ಮನೇಲೇ ಸೇರಬೇಕು."

"ಅವರ ಮನೆ ಎಲ್ಲಿ?"

"ಅಂಗಡಿ ಮೇಲೇನೇ. ನಾಲ್ಕನೇ ಮಹಡಿ."

"ಲಿಫ್ಟಿಲ್ಲ" ಎಂದರು ಭಾವ. ಊರಿನ ಯಾವ ಕಟ್ಟಡಕ್ಕೆ ಲಿಫ್ಟಿದೆ, ಯಾವುದಕ್ಕಿಲ್ಲ ಎಂಬುದು ಅವರಿಗೆ ಬಾಯಿಪಾಠ.

ಅಕ್ಕ ಇನ್ನೆಂದೂ ನಾಲ್ಕು ಮಹಡಿ ಹತ್ತಲಾರಳು. ಗುರುವಾರ ಆ ಮನೆಗೆ ಹೋದರೆ ಈ ಮನೆಯಲ್ಲಿ ಗುರುವಾರವೆಂಬುದೇ ಇರುವುದಿಲ್ಲ. ಮುಚ್ಚಿದ ಬಾಗಿಲಿನ ಆಚೆಯಿಂದಲಾದರೂ ಅವಳಿಗೆ ಕೇಳುತ್ತಿದ್ದುದು ಅದೊಂದೇ.

"ನಾನು ಊದ್ತೀನಿ" ಎಂದರು ಭಾವ.

ನರ್ಸಮ್ಮ ನಕ್ಕು, ನಕ್ಕಿದ್ದಕ್ಕೆ ನೊಂದುಕೊಂಡು, "ಅಣ್ಣಾ, ಇದು ಸ್ಪ್ಯಾನರ್ ಅಲ್ಲ" ಎಂದರು.

"ಗೊತ್ತು. ಶಾಲೇಲಿ ಕಲ್ತಿದೀನಿ. ಚುಕ್ಕೆ ಓದೋಕೆ ಬರುತ್ತೆ. ತಿಂಗಳ ಕೊನೇವರೆಗೆ ಕೊಡಿ."

ಗಡಿಯಾರದವರು ಭಾವನ ಬೆರಳುಗಳನ್ನು ನೋಡಿದರು. ಆಮೇಲೆ ಮುಚ್ಚಿದ ಒಳಬಾಗಿಲಿನ ಕಡೆ ನೋಡಿದರು. "ತಿಂಗಳ ಕೊನೆ ಗುರುವಾರ" ಎಂದು ಹೇಳಿ ಇಳಿದು ಹೋದರು.

ಮರುದಿನ ಬೆಳಿಗ್ಗೆ ಭಾವ ಅಕ್ಕನ ನಡುಕೊಳಲನ್ನು ಪೆಟ್ಟಿಗೆಯಿಂದ ತೆಗೆದು, ಒಂದು ಹಾಡಿನ ಹಾಳೆಗಳ ಜೊತೆ ಉಪಕರಣದ ಚೀಲಕ್ಕೆ ಹಾಕಿಕೊಂಡು, ಖಾಲಿ ಪೆಟ್ಟಿಗೆಯನ್ನು ಇದ್ದ ಕಡೆ ಇಟ್ಟರು. ಅಕ್ಕನಿಗೆ ಹೇಳಲಿಲ್ಲ. ಸೋತರೆ ಅವಳಿಗೆ ಆಸೆ ಹುಟ್ಟಿಸಿ ಸೋತಂತಾಗುತ್ತದೆ ಎಂಬುದು ಅವರ ಲೆಕ್ಕ.

ಅಭ್ಯಾಸ ನಡೆದದ್ದು ಆಸ್ಪತ್ರೆಯ ಮಾಳಿಗೆಯಲ್ಲಿ, ಹಿಂದಿನ ಲಿಫ್ಟಿನ ಯಂತ್ರದ ಕೋಣೆಯಲ್ಲಿ. ಊಟದ ವಿರಾಮದಲ್ಲಿ ಎಣ್ಣೆ ಡಬ್ಬಿಯ ಮೇಲೆ ಕೂತು, ಹಾಳೆಯನ್ನು ಮೋಟಾರಿನ ಮೈಗೆ ಒರಗಿಸಿ ಊದುತ್ತಿದ್ದರು. ಮರಿಕೊಳಲಿನ ಕಿರಿದಾದ ತೂತುಗಳಲ್ಲಿ ಶಾಲೆಯ ಕಾಲಕ್ಕೇ ಇಕ್ಕಟ್ಟಾಗುತ್ತಿದ್ದ ಬೆರಳುಗಳಿಗೆ ನಡುಕೊಳಲು ಹೊಸ ಚಪ್ಪಲಿಯ ಹಾಗೆ ಸರಿಹೋಯಿತು. ಚುಕ್ಕೆ ನೋಡಿದರೆ ಬೆರಳು ತಾನೇ ತಾನಾಗಿ ಬೀಳುತ್ತಿತ್ತು. ಎಷ್ಟೋ ವರ್ಷಗಳಿಂದ ಗೋಡೆಯಾಚೆ ಕೇಳಿದ್ದ ಅದೇ ಹಾಡು, ಚಾಚೂ ತಪ್ಪದೆ, ಬರುತ್ತಿತ್ತು. ಲಿಫ್ಟಿನ ಕೊಳವೆಯಲ್ಲಿ ಆ ನಾದ ಇಳಿದು ಹೋಗಿ ಏಳನೆಯ ಮಹಡಿಯವರಿಗೆ ಕೇಳಿಸಿತು. "ಹಿಂದಿನ ಲಿಫ್ಟು ಹಾಡುತ್ತಿದೆ" ಎಂದು ಅವರು ದೂರು ಬರೆದುಕೊಟ್ಟರು. ದೂರು ಭಾವನ ಕೈಗೇ ಬಂತು. "ಪರೀಕ್ಷಿಸಲಾಗಿದೆ, ದೋಷವಿಲ್ಲ" ಎಂದು ಬರೆದು ಸಹಿ ಹಾಕಿ ಹಿಂದಿರುಗಿಸಿದರು.

ಇತ್ತ ಅಕ್ಕ ಒಂದು ದಿನ ಕಪಾಟು ತೆಗೆದಳು. ಕೊಳಲಿನ ಪೆಟ್ಟಿಗೆಯನ್ನು ಎತ್ತಿದಾಗಲೇ ಭಾರ ಕಡಿಮೆ ಎಂದು ಗೊತ್ತಾಯಿತು. ಮೆಟ್ಟಿಲ ಬಳಿಯ ಮಾತುಕತೆಯಲ್ಲಿ ಔಷಧಿ ಅಂಗಡಿಯ ಸೊಸೆಯ ಹೆಸರು ಎದ್ದದ್ದು ಬಾಗಿಲ ಸಂದಿಯಿಂದ ಅವಳಿಗೆ ಅಷ್ಟು ಮಾತ್ರ ಕೇಳಿತ್ತು. ಎರಡನ್ನೂ ಕೂಡಿಸಿದಳು. ನಾನು ಹೋಗಿದ್ದಾಗ, "ಕೊಳಲನ್ನ ಅವಳಿಗೆ ಕೊಟ್ಬಿಟ್ರು ಕಣೋ, ನಿನ್ನ ಭಾವ" ಎಂದಳು.

"ಕೇಳಿದ್ಯಾ?"

"ಕೇಳೋದೇನು? ನನ್ನ ಕೈಲಿ ಇದ್ರೆ ಒಲೆ ಊದೋಕೂ ಬರಲ್ಲ. ಕೊಟ್ಟಿದ್ದೇ ಸರಿ."

ಹಾಗೆ ಹೇಳಿ ಖಾಲಿ ಪೆಟ್ಟಿಗೆಯ ಧೂಳು ಒರೆಸಿ ಒಳಗಿಟ್ಟಳು. ನನಗೆ ನಿಜ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲವೆಂದು ಭಾವನಿಗೆ ಮಾತು ಕೊಟ್ಟಿದ್ದೆ. ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದೆ.

ಹೀಗೆ ತಿಂಗಳ ಕೊನೆಯ ಗುರುವಾರಕ್ಕೆ ಮುಂಚಿನ ಗುರುವಾರ ಬಂತು. "ಒಂದ್ಸಲ ಸೇರಿಸಿ ನೋಡೋಣ" ಎಂದರು ಗಡಿಯಾರದವರು. ಅಕ್ಕ ಎಂದಿನಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಭಾವ ಉಪಕರಣದ ಚೀಲದಿಂದ ನಡುಕೊಳಲನ್ನು ತೆಗೆದು, ಗ್ರೀಸು ತಾಗಿದೆಯೇ ಎಂದು ಅಂಗಿಗೆ ಒರೆಸಿ, ಅಕ್ಕನ ಕುರ್ಚಿಯಲ್ಲಿ ಕೂತರು.

ಗಡಿಯಾರದವರು ತಲೆ ಆಡಿಸಿದರು. ನಾಲ್ವರೂ ಶುರು ಮಾಡಿದರು.

ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಎರಡು ಬೀದಿಗಳ ಎರಡು ಮೆರವಣಿಗೆ ಒಂದೇ ಓಣಿಯೊಳಗೆ ನುಗ್ಗಿದ ಹಾಗಿತ್ತು. ನಾಲ್ವರೂ ನಿಲ್ಲಿಸಿದರು.

"ನಂದೇ ಏನೋ ಆಗಿದೆ" ಎಂದು ಅಂಚೆಯವರು ತಮ್ಮ ಕೊಳಲಿನೊಳಗೆ ಇಣುಕಿದರು.

"ಅಣ್ಣಾ, ನೀವೊಬ್ಬರೇ ಊದಿ" ಎಂದರು ನರ್ಸಮ್ಮ.

ಭಾವ ಒಬ್ಬರೇ ಊದಿದರು. ಹಾಡು ಚೊಕ್ಕವಾಗಿತ್ತು. ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಒಂದು ಮಡಿಕೆಯೂ ಇಲ್ಲ.

"ಭೇಷ್!" ಎಂದರು ಗಡಿಯಾರದವರು. "ಈಗ ಎಲ್ರೂ."

ಮತ್ತೆ ಮೆರವಣಿಗೆ.

"ಅವರೊಬ್ಬರೇ ಊದಿದ್ರೆ ಸರಿ, ನಾವು ಸೇರಿದ್ರೆ ತಪ್ಪು" ಎಂದರು ಅಂಚೆಯವರು. "ಹಾಗಾದ್ರೆ ತಪ್ಪು ನಮ್ಮ ಮೂವರದ್ದು."

ಗಡಿಯಾರದವರಿಗೆ ಬೇರೆ ಅನುಮಾನ ಬಂತು. ಊದಿ ಊದಿ ಬಿಸಿಯಾದರೆ ಕೊಳಲಿನ ಶ್ರುತಿ ತುಸು ಏರುತ್ತದೆ. ಆಗ ಕೊಳಲಿನ ತಲೆಯ ತುಂಡನ್ನು ಕೂದಲೆಳೆಯಷ್ಟು ಹೊರಗೆಳೆದರೆ ಶ್ರುತಿ ಇಳಿಯುತ್ತದೆ. "ನಿಮ್ಮದು ಏರಿದೆ. ತಲೆ ಸ್ವಲ್ಪ ಎಳೀರಿ" ಎಂದರು. ಭಾವ ಎಳೆದರು. ಊದಿದರು. "ಇನ್ನೂ ಸ್ವಲ್ಪ." ಎಳೆದರು. "ಇನ್ನೂ." ನಾಲ್ಕನೆಯ ಸಲ ಎಳೆದಾಗ ತಲೆ ಕಿತ್ತು ಅವರ ಬಾಯಲ್ಲೇ ಉಳಿಯಿತು, ಮುಂಡ ಕೈಯಲ್ಲಿ ಉಳಿಯಿತು. ಭಾವ ತಲೆಯೊಂದನ್ನೇ ಊದಿ ನೋಡಿದರು. ಕೀಚ್ ಎಂದಿತು.

ಆಗ ಒಳಬಾಗಿಲು ತೆರೆಯಿತು. ಅಕ್ಕ ಕೋಲೂರಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಭಾವನ ಬಾಯಲ್ಲಿದ್ದ ತಲೆಯನ್ನು ನೋಡಿದಳು, ಕೈಯಲ್ಲಿದ್ದ ಮುಂಡವನ್ನು ನೋಡಿದಳು.

"ಇದು ನನ್ನ ಕೊಳಲು" ಎಂದಳು.

ಭಾವ ತಲೆಯನ್ನು ಬಾಯಿಂದ ತೆಗೆದರು. "ಹೌದು."

"ಅವಳಿಗೆ ಕೊಟ್ಟಿರಲಿಲ್ವಾ?"

"ಯಾರಿಗೆ?"

ಅಕ್ಕನ ಮುಖದಲ್ಲಿ ಏನೋ ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಅವಳೊಳಗಿನ ಕಾರ್ಖಾನೆಯ ಮೇಲ್ವಿಚಾರಕಿ ಎದ್ದುಬಂದಳು.

"ಅಲ್ರೀ, ನಡುಕೊಳಲಿನ ಮೇಲೆ ಮರಿಕೊಳಲಿನ ಬೆರಳಿಟ್ಟು ಊದ್ತಿದೀರಲ್ಲ! ಒಳಗೆ ಕೂತೋಳಿಗೆ ಗೊತ್ತಾಗುತ್ತೆ. ಇಲ್ಲಿ ನಾಲ್ಕು ಜನ, ಎಂಟು ಕಿವಿ. ಎಲ್ಲ ಅಡ ಇಟ್ಟಿದೀರಾ?"

ಗಡಿಯಾರದವರು ತಮ್ಮ ಕೈಗಡಿಯಾರ ನೋಡಿಕೊಂಡರು. ಉತ್ತರ ತೋಚದಾಗ ಅವರು ಹಾಗೆ ಮಾಡುತ್ತಿದ್ದರು.

"ಕೊಳಲು ಅಂದ್ರೆ ಕೊಳಲಲ್ವಾ?" ಎಂದರು ಭಾವ. "ತೂತು ಅಷ್ಟೇ ಇದೆ."

ವಿಷಯವೇನೆಂದರೆ, ಎಲ್ಲ ತೂತುಗಳನ್ನೂ ಮುಚ್ಚಿ ಊದಿದಾಗ ಮರಿಯಲ್ಲಿ ಹುಟ್ಟುವ ಸ್ವರವೇ ಬೇರೆ, ನಡುವಿನಲ್ಲಿ ಹುಟ್ಟುವ ಸ್ವರವೇ ಬೇರೆ. ಗೆರೆಯ ಮೇಲಿನ ಒಂದೇ ಚುಕ್ಕೆಗೆ ಒಂದೊಂದರಲ್ಲಿ ಒಂದೊಂದು ಥರ ಬೆರಳಿಡಬೇಕು. ಕೆಳಗಿನಿಂದ ಎರಡನೆಯ ಗೆರೆಯ ಚುಕ್ಕೆಗೆ ಮರಿಯಲ್ಲಿ ಹೆಬ್ಬೆರಳಿನ ಜೊತೆ ಎಡಗೈಯ ಮೂರು ಬೆರಳು ಸಾಕು. ನಡುವಿನಲ್ಲಿ ಅದೇ ಚುಕ್ಕೆಗೆ ಬಲಗೈಯ ಕಿರುಬೆರಳೊಂದನ್ನು ಬಿಟ್ಟು ಎರಡು ಕೈಯೂ ಕೆಲಸಕ್ಕೆ ಬರಬೇಕು. ಭಾವ ಪ್ರತಿಯೊಂದು ಚುಕ್ಕೆಗೂ ಶಾಲೆಯಲ್ಲಿ ಕಲಿತ ಬೆರಳನ್ನೇ ಇಟ್ಟಿದ್ದರು. ಇಡೀ ಹಾಡು ಒಟ್ಟಾಗಿ ಮೇಲೆ ಸರಿದಿತ್ತು. ಒಟ್ಟಾಗಿ ಸರಿದದ್ದರಿಂದ ಒಬ್ಬರೇ ಊದಿದಾಗ ಹಾಡು ಹಾಡಾಗಿಯೇ ಇತ್ತು. ಬೇರೆಯವರ ಜೊತೆ ಕೂತಾಗ ಮಾತ್ರ ತಪ್ಪು ಹೊರಗೆ ಬಿತ್ತು.

ಇದನ್ನೆಲ್ಲ ಅಕ್ಕ ಒಂದು ಸಲ, ಎರಡು ಸಲ, ಸ್ವರಗಳ ಹೆಸರು ಹಿಡಿದು ಹೇಳಿದಳು. ಭಾವ ಆಲಿಸಿ, "ಚುಕ್ಕೆ ಅದೇ, ತೂತು ಅದೇ, ಬೆರಳೂ ಅದೇ. ಸ್ವರ ಮಾತ್ರ ಬೇರೆ ಹೇಗೆ?" ಎಂದರು. ಗೋಡೆಗೆ ನೀರು ಹೊಯ್ದಂತಾಯಿತು. ಅಕ್ಕ ಕುರ್ಚಿ ಎಳೆದುಕೊಂಡು ಅವರೆದುರು ಕೂತಳು. ಗುರುವಾರದವರ ನಡುವೆ ಅವಳು ಕೂತದ್ದು ಎಷ್ಟೋ ಕಾಲದ ಮೇಲೆ. ಆ ಕ್ಷಣ ಅದನ್ನು ಯಾರೂ ಗಮನಿಸಲಿಲ್ಲ, ಅವಳೂ ಕೂಡ.

"ಆಸ್ಪತ್ರೇಲಿ ನನ್ನ ಮಂಚ ಎಷ್ಟನೇ ಮಹಡೀಲಿತ್ತು?"

"ನಾಲ್ಕು."

"ಮುಂದಿನ ಲಿಫ್ಟಲ್ಲಿ ನಾಲ್ಕಕ್ಕೆ ಕೆಳಗಿನಿಂದ ಎಷ್ಟನೇ ಬಟನ್ನು?"

"ಐದು."

"ಹಿಂದಿನ ಲಿಫ್ಟಲ್ಲಿ?"

"ಎರಡು. ಅದು ಹೊರಡೋದೇ ಮೂರರಿಂದ."

"ನನ್ನ ಮಂಚ ಏನಾದ್ರೂ ಜಾಗ ಬಿಟ್ಟು ಓಡಾಡ್ತಾ?"

"ಇಲ್ಲ."

"ಚುಕ್ಕೆ ಅಂದ್ರೆ ಮಹಡಿ. ಬೆರಳು ಅಂದ್ರೆ ಬಟನ್ನು. ಮರಿಕೊಳಲು ಮುಂದಿನ ಲಿಫ್ಟು. ನಡುಕೊಳಲು ಹಿಂದಿನ ಲಿಫ್ಟು."

ಭಾವ ನೆಲ ನೋಡುತ್ತ ಕೂತರು. ಅವರ ತುಟಿ ಮೆಲ್ಲಗೆ ಅಲುಗುತ್ತಿತ್ತು. ಕಡೆಗೆ ತಲೆ ಎತ್ತಿದರು.

"ಹಾಗಾದ್ರೆ ನಾನು ಇಷ್ಟು ದಿನ ಬಟ್ಟೆ ಒಗೆಯೋರ ಹತ್ರ ಊದ್ತಿದ್ದೆ."

"ಹೂಂ."

"ಅವರು ದೂರು ಕೊಟ್ಟಿದ್ದು ಸರೀನೇ."

ತಿಳಿಯುವುದು ಬೇರೆ, ಬೆರಳಿಗೆ ತಿಳಿಯುವುದು ಬೇರೆ. ಕಲಿತದ್ದನ್ನು ಮರೆಯುವುದಕ್ಕಿಂತ ಕಲಿಯದೇ ಇದ್ದವನು ಕಲಿಯುವುದು ಸುಲಭವೆಂದು ಮೇಷ್ಟರಾದ ನಾನು ತರಗತಿಯಲ್ಲಿ ಕಂಡಿದ್ದೆ. ಭಾವ ಅದನ್ನು ಮನೆಯಲ್ಲಿ ತೋರಿಸಿದರು. ಆ ವಾರ ಅಕ್ಕ ಅವರ ಎದುರು ಕೂತು, ಬಲಗೈಯಿಂದ ಮೇಜು ತಟ್ಟುತ್ತ, ಒಂದೊಂದೇ ಚುಕ್ಕೆ ತೋರಿಸಿದಳು. ಊದುವ ಹಾಗಿಲ್ಲ, ಮೊದಲು ಬರೀ ಬೆರಳು. ಕೊಳಲು ಕೈಗೆ ಸಿಗದ ಹೊತ್ತಿನಲ್ಲಿ ಪೊರಕೆಯ ಹಿಡಿಯ ಮೇಲೆ. ಅವರು ತಪ್ಪಿದ ಕೂಡಲೇ "ಹಿಂದಿನ ಲಿಫ್ಟು!" ಎನ್ನುತ್ತಿದ್ದಳು. ಅಡುಗೆಮನೆಯಿಂದಲೂ ಅನ್ನುತ್ತಿದ್ದಳು, ಪೊರಕೆಯ ಮೇಲಿನ ತಪ್ಪು ಅವಳಿಗೆ ಅಲ್ಲಿಂದ ಹೇಗೆ ತಿಳಿಯುತ್ತಿತ್ತೋ ದೇವರೇ ಬಲ್ಲ. ಕೊನೆಯ ಗುರುವಾರದವರೆಗೆ ಮರಿಕೊಳಲನ್ನು ಮನೆಯೊಳಗೆ ತರಕೂಡದೆಂದು ನರ್ಸಮ್ಮನಿಗೆ ಅಪ್ಪಣೆಯಾಯಿತು.

ಇದರ ಪರಿಣಾಮ ಆಸ್ಪತ್ರೆಯ ಮೇಲೂ ಆಯಿತು. ಭಾವ ಮುಂದಿನ ಲಿಫ್ಟಿನಲ್ಲಿ ಹಿಂದಿನದರ ಲೆಕ್ಕ ಹಾಕಿ, ನಾಲ್ಕನೆಯ ಮಹಡಿಗೆ ಹೊರಟಿದ್ದ ಹಿರಿಯ ವೈದ್ಯರನ್ನು ಒಂದನೆಯ ಮಹಡಿಯಲ್ಲಿ ಇಳಿಸಿದರು. ವೈದ್ಯರು ತಮ್ಮ ವಾರ್ಡೆಂದೇ ತಿಳಿದು ಬೇರೆ ಯಾರೋ ಒಬ್ಬರ ಕಣ್ಣುರೆಪ್ಪೆ ಬಿಡಿಸಿ ನೋಡಿ, "ಪರವಾಗಿಲ್ಲ, ಗುಣವಾಗ್ತಿದೆ" ಎಂದು ಹೇಳಿ ಬಂದರಂತೆ. ಆತ ರೋಗಿಯಲ್ಲ, ಬೆಂಚಿನ ಮೇಲೆ ತೂಕಡಿಸುತ್ತಿದ್ದ ಕಾವಲುಗಾರ.

ಕೊನೆಯ ಗುರುವಾರ ಬಂತು. ಮಗುವನ್ನು ಅತ್ತೆಯ ಬಳಿ ಬಿಟ್ಟು, ಔಷಧಿ ಅಂಗಡಿಯ ಸೊಸೆಯೂ ಬಂದರು. ಒಂದು ಸಂಜೆಯ ಮಟ್ಟಿಗೆ ಅತ್ತೆ ಒಪ್ಪಿದ್ದರು. ಮೃದು ಸ್ವಭಾವದ ಹೆಣ್ಣುಮಗಳು. ತಮ್ಮ ನಡುಕೊಳಲನ್ನು ಚೀಲದಿಂದ ಹೊರತೆಗೆಯಲೋ ಬೇಡವೋ ಎಂದು ತೊಡೆಯ ಮೇಲೆ ಹಿಡಿದು ನನ್ನ ಪಕ್ಕದಲ್ಲಿ ಕೂತರು. ಅಕ್ಕ ಒಳಗೆ ಹೋಗಲಿಲ್ಲ. ಭಾವನ ಎಡಕ್ಕೆ ಕುರ್ಚಿ ಹಾಕಿಸಿಕೊಂಡು, ಹಾಳೆ ಕಾಣುವ ಹಾಗೆ ಕೂತಳು.

ಶುರುವಾಯಿತು. ಮೊದಲ ಪುಟ ಸರಿಯಾಗಿ ಬಂತು. ಭಾವನ ಊದುವಿಕೆಯಲ್ಲಿ ಯಂತ್ರದ ಕೋಣೆಯ ಆ ಚೊಕ್ಕತನ ಇರಲಿಲ್ಲ. ಒಂದೊಂದು ಸ್ವರವನ್ನೂ ಕೆಸರಿನಲ್ಲಿ ಕಾಲಿಟ್ಟಂತೆ ಪರೀಕ್ಷಿಸಿ ಇಡುತ್ತಿದ್ದರು. ಆದರೂ ನಾಲ್ಕು ಕೊಳಲು ಒಂದೇ ಓಣಿಯಲ್ಲಿ ಒಂದೇ ಕಡೆಗೆ ಹೋಗುತ್ತಿದ್ದವು. ಅಕ್ಕನ ಬಲಗೈ ಮೇಜಿನ ಅಂಚಿನ ಮೇಲೆ ತಾಳ ಹಾಕುತ್ತಿತ್ತು. ಪುಟ ತಿರುಗಿಸಿದ್ದೂ ಅವಳೇ.

ಪುಟ ತಿರುಗಿದಾಗ ಕಣ್ಣು ಮೇಲಿನ ಸಾಲಿಗೆ ಹಾರಬೇಕು. ಆ ಒಂದು ಗಳಿಗೆಯ ಎಚ್ಚರ ತಪ್ಪಿನಲ್ಲಿ ಶಾಲೆಯ ಬೆರಳು ನುಗ್ಗಿತು. ಎರಡನೆಯ ಗೆರೆಯ ಚುಕ್ಕೆಗೆ ಮೂರೇ ಬೆರಳು ಬಿದ್ದವು. ಕೋಣೆಯೊಳಗೆ ಮೆರವಣಿಗೆ ಹೊಕ್ಕಿತು.

"ಹಿಂದಿನ ಲಿಫ್ಟು!" ಎಂದಳು ಅಕ್ಕ.

ಭಾವನ ಎಲ್ಲ ಬೆರಳುಗಳೂ ಧಡಾರನೆ ಕೆಳಗಿಳಿದವು. ಮೆರವಣಿಗೆ ಹೊರಗೆ ಹೋಯಿತು. ಯಾರೂ ನಿಲ್ಲಿಸಲಿಲ್ಲ. ನಾಲ್ಕು ಸಾಲಿನ ಆಚೆ ಅದೇ ತಪ್ಪು ಮತ್ತೆ. "ಹಿಂದಿನ ಲಿಫ್ಟು ಕಣ್ರೀ!" ಮತ್ತೆ ಸರಿ. ಹಾಡು ಮುಗಿಯಿತು.

ಅಜ್ಜನನ್ನು ಮಡಿಲಲ್ಲಿ ಮಲಗಿಸಿಕೊಂಡು ಗಡಿಯಾರದವರು ಕೈಗಡಿಯಾರ ನೋಡಿಕೊಂಡರು. ಆಮೇಲೆ ಔಷಧಿ ಅಂಗಡಿಯ ಸೊಸೆಯತ್ತ ತಿರುಗಿದರು.

"ನೀನು ಊದಿದ್ರೆ ಈ ಜಾಗದಲ್ಲಿ ತಪ್ಪಾಗುತ್ತೇನಮ್ಮಾ?"

"ಇಲ್ಲ" ಎಂದರು ಆಕೆ. ಜಂಬದಿಂದ ಹೇಳಿದ್ದಲ್ಲ. ಹೇಳಿದ್ದಕ್ಕೆ ಅವರಿಗೇ ಸಂಕೋಚವಾಯಿತು.

"ನೀವೇನಂತೀರಿ?" ಎಂದು ಗಡಿಯಾರದವರು ಅಕ್ಕನನ್ನು ಕೇಳಿದರು.

ಭಾವ ಅಕ್ಕನ ಮುಖ ನೋಡಿದರು. ನಾನೂ ನೋಡಿದೆ. ಅವಳ ಒಂದು ಮಾತಿನ ಮೇಲೆ ಗುರುವಾರ ನಿಂತಿತ್ತು. ಒಂದು ಸಣ್ಣ ಸುಳ್ಳು ಹೇಳಿದರೂ ಸಾಕಿತ್ತು.

"ಇವಳು ಊದಿದ್ರೇನೇ ಚೆನ್ನ" ಎಂದಳು ಅಕ್ಕ. "ಇವರ ಕೈಲಿ ಈ ವರ್ಷ ಆಗಲ್ಲ. ಮುಂದಿನ ವರ್ಷವೂ ಅನುಮಾನ."

ಭಾವ ತಲೆದೂಗಿದರು. ನಿಜವಾದ ಮಾತಿಗೆ ಅವರು ಯಾವಾಗಲೂ ತಲೆದೂಗುತ್ತಿದ್ದರು. ಕೊಳಲಿನ ತಲೆಯನ್ನು ಬಿಚ್ಚಿ, ಒಳಗಿನ ತೇವ ಒರೆಸತೊಡಗಿದರು.

ಅಂಚೆಯವರು ಗಂಟಲು ಸರಿಮಾಡಿಕೊಂಡರು. "ಒಂದು ಮಾತು. ಮುಂದಿನ ಗುರುವಾರ ಇವರು ಇದೇ ಜಾಗದಲ್ಲಿ ತಪ್ಪಿದ್ರೆ, ನೀವು ಒಳಗೆ ಬಾಗಿಲು ಹಾಕ್ಕೊಂಡು ಕೂತಿರ್ತೀರಾ?"

"ಒಳಗ್ಯಾಕೆ ಕೂತಿರ್ಲಿ? ಇಂಥ ತಪ್ಪು ಕೇಳ್ಕೊಂಡು ಬಟನ್ನು ವಿಂಗಡಿಸೋಕಾಗುತ್ತಾ?"

"ಹಾಗಾದ್ರೆ ಮುಂದಿನ ಗುರುವಾರ ಇಲ್ಲೇ" ಎಂದು ಗಡಿಯಾರದವರು ಎದ್ದರು. "ನಾಲ್ಕು ಮಹಡಿ ಹತ್ತೋಕೆ ನನ್ನ ಮಂಡಿಯೂ ಒಪ್ಪಲ್ಲ. ಅಜ್ಜನನ್ನ ಹೊತ್ಕೊಂಡು ಬೇರೆ."

ಅವರ ಮಂಡಿ ಗಟ್ಟಿಮುಟ್ಟಾಗಿತ್ತು. ಬೆಳಿಗ್ಗೆ ಕೆರೆಯ ಸುತ್ತ ಓಡುತ್ತಿದ್ದ ಆಸಾಮಿ. ಯಾರೂ ಅದನ್ನು ಎತ್ತಲಿಲ್ಲ.

ಔಷಧಿ ಅಂಗಡಿಯ ಸೊಸೆ ತೆಗೆಯದೇ ಉಳಿದ ಕೊಳಲನ್ನು ಚೀಲದೊಳಗೆ ಇನ್ನಷ್ಟು ಒಳಕ್ಕೆ ತಳ್ಳಿ, "ಅಕ್ಕಾ, ಹಿಂದಿನ ಲಿಫ್ಟು ಅಂದ್ರೇನು?" ಎಂದು ಕೇಳಿದರು. ಅಕ್ಕ ಆಸ್ಪತ್ರೆಯ ಇಳಿಜಾರಿನಿಂದ ಶುರುಮಾಡಿ ಹೇಳಿದಳು. ಅದು ಮುಗಿಯುವ ಹೊತ್ತಿಗೆ ಭಾವ ಎರಡು ಸಲ ಚಹಾ ಬಿಸಿಮಾಡಿದ್ದರು.

ಆಮೇಲೆ ವಾಚನಾಲಯದಲ್ಲಿ ಒಂದು ಸಣ್ಣ ಕಾರ್ಯಕ್ರಮವೂ ಆಯಿತು. ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪುಟ ತಿರುಗಿದ ಕೂಡಲೇ, "ಹಿಂದಿನ ಲಿಫ್ಟು!" ಎಂಬ ಕೂಗು ಕೇಳಿ ಸಭೆಯ ಅರ್ಧದಷ್ಟು ಜನ ಹಿಂದಕ್ಕೆ ತಿರುಗಿ ನೋಡಿದರು. ವಾಚನಾಲಯದ ಜವಾನ ಬಗ್ಗಿ ಅವಳ ಕಿವಿಯ ಬಳಿ, "ಅಮ್ಮಾ, ನಮ್ಮಲ್ಲಿ ಲಿಫ್ಟಿಲ್ಲ, ಮೆಟ್ಟಿಲೇ" ಎಂದು ಮರ್ಯಾದೆಯಿಂದ ತಿಳಿಸಿದ.

ವರ್ಷಗಳು ಕಳೆದವು. ಆಸ್ಪತ್ರೆಗೆ ಹೊಸ ಬಟನ್ನುಗಳು ಬಂದವು. ಅಂಕಿಗಳು ದೂರದಿಂದಲೇ ಕಾಣುತ್ತಿದ್ದವು. ಏಳನೆಯ ಮಹಡಿಯವರು ಸೊರಗಿದರು. ಒಂದು ಗುರುವಾರ ಭಾವ ಪುಟ ತಿರುಗಿದ ಮೇಲೂ ತಪ್ಪಲಿಲ್ಲ. ಎರಡನೆಯ ಗೆರೆಯ ಚುಕ್ಕೆ ಬಂದಾಗ ಅಕ್ಕ ಬಾಯಿ ತೆರೆದಿದ್ದಳು. ಸರಿಯಾದ ಸ್ವರ ಬಂತು. ಅವಳು ತೆರೆದ ಬಾಯಿಯನ್ನು ನಿಧಾನವಾಗಿ ಮುಚ್ಚಿಕೊಂಡಳು. ಹಾಡು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ಬಲಗೈಯಿಂದ ಮೇಜು ತಟ್ಟಿದಳು. ಆದರೆ ಆ ಸಂಜೆಯೆಲ್ಲ ಏನನ್ನೋ ಎಲ್ಲಿಯೋ ಇಟ್ಟು ಮರೆತವಳ ಹಾಗಿದ್ದಳು.

ಮುಂದಿನ ಗುರುವಾರ ಅದೇ ಜಾಗದಲ್ಲಿ ಭಾವನ ಮೂರೇ ಬೆರಳು ಬಿದ್ದವು. "ಹಿಂದಿನ ಲಿಫ್ಟು!" ಎಂಬ ಕೂಗಿಗೆ ಕಿಟಕಿಯ ಗಾಜು ಅದುರಿತು.

ಎಲ್ಲರೂ ಹೋದ ಮೇಲೆ ನಾನು ಮೇಜಿನ ಒಂದು ತುದಿ ಹಿಡಿದೆ, ಭಾವ ಇನ್ನೊಂದು ತುದಿ ಹಿಡಿದರು. "ಭಾವ, ಇವತ್ತು ಬೇಕಂತಲೇ ತಪ್ಪಿದ್ರಾ?" ಎಂದು ಮೆಲ್ಲಗೆ ಕೇಳಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ಇಲ್ಲಪ್ಪ" ಎಂದರು. "ಅಷ್ಟು ಬುದ್ಧಿ ನನಗಿಲ್ಲ ಅಂತ ನಿಮ್ಮಪ್ಪ ಆಗಲೇ ಹೇಳಿದಾರಲ್ಲ." ಮೇಜನ್ನು ನಡುವಿಗೆ ಎಳೆದರು.